ಹಗ್ಗ ಹಿಡಿದ ಕೈಯ ಹೊಣೆ

ಮುನಿಗಳು ಪಾಲಿಸಬೇಕಾದ ಐದು ಸಮಿತಿಗಳಲ್ಲಿ ಕೊನೆಯದು ಉತ್ಸರ್ಗ ಸಮಿತಿ. ಪ್ರತಿಷ್ಠಾಪನಾ ಸಮಿತಿಯೆಂದೂ ಅದಕ್ಕೆ ಹೆಸರುಂಟು. ನಾಲ್ಕು ಮೊಳ ಮುಂದಿನ ನೆಲವನ್ನು ನೋಡಿ ನಡೆಯಬೇಕೆಂಬ ಈರ್ಯಾ ಸಮಿತಿಯನ್ನೂ ಹಿತಮಿತವಾಗಿ ನುಡಿಯಬೇಕೆಂಬ ಭಾಷಾ ಸಮಿತಿಯನ್ನೂ ಕುರಿತು ಪ್ರವಚನಗಳಲ್ಲಿ ಮೇಲಿಂದ ಮೇಲೆ ಕೇಳಿಬರುತ್ತದೆ. ಉತ್ಸರ್ಗ ಸಮಿತಿಯ ಸರದಿ ಬಂದಾಗ ಮಾತ್ರ ಹೇಳುವವರೂ ಕೇಳುವವರೂ ಒಂದಿಷ್ಟು ಸಂಕೋಚಪಟ್ಟು ಮುಂದೆ ಸಾಗುತ್ತಾರೆ. ಮಲಮೂತ್ರಗಳನ್ನು ಎಲ್ಲಿ ವಿಸರ್ಜಿಸಬೇಕೆಂಬುದೂ ಧರ್ಮದ ವಿಷಯವೇ ಎಂಬ ಸಂಕೋಚ ಅದು. ವಟ್ಟಕೇರಾಚಾರ್ಯರ ಮೂಲಾಚಾರಕ್ಕೆ ಅಂಥ ಸಂಕೋಚವಿಲ್ಲ. ಆ ಸ್ಥಳವು ಏಕಾಂತವಾಗಿರಬೇಕು, ಜೀವಜಂತುಗಳಿಲ್ಲದಿರಬೇಕು, ದೂರವಾಗಿರಬೇಕು, ಮರೆಯಾಗಿರಬೇಕು, ವಿಶಾಲವಾಗಿರಬೇಕು, ಯಾರ ವಿರೋಧವೂ ಇಲ್ಲದಿರಬೇಕು ಎಂದು ಅದು ಒಂದೊಂದಾಗಿ ಎಣಿಸಿ ಹೇಳುತ್ತದೆ.

ಈ ಕೊನೆಯ ಮಾತನ್ನು ವಿಶೇಷವಾಗಿ ಗಮನಿಸಬೇಕು. ಯಾರ ವಿರೋಧವೂ ಇಲ್ಲದ ಸ್ಥಳ! ಸರ್ವಸಂಗ ಪರಿತ್ಯಾಗ ಮಾಡಿದ ಮುನಿಗೂ ಪರರ ಆಕ್ಷೇಪಣೆಗೆ ಎಡೆಗೊಡುವ ಅಧಿಕಾರವಿಲ್ಲ. ಹಾಗಿರುವಾಗ ಮನೆ, ಆಸ್ತಿ, ಪರಿವಾರಗಳನ್ನೆಲ್ಲ ಇಟ್ಟುಕೊಂಡಿರುವ ಗೃಹಸ್ಥನಿಗೆ ತಾನು ಸಾಕಿದ ಪ್ರಾಣಿಯ ಮಲದ ಬಗೆಗೆ ಯಾವ ಹೊಣೆಯೂ ಇಲ್ಲವೇ? ಬೆಳಗಿನ ಆರು ಗಂಟೆಗೆ ನಾಯಿಯ ಕೊರಳಪಟ್ಟಿಗೆ ಹಗ್ಗ ಸಿಕ್ಕಿಸಿಕೊಂಡು ವಾಯುಸೇವನೆಗೆ ಹೊರಡುವ ಸದ್ಗೃಹಸ್ಥರನ್ನು ಕೇಳಬೇಕಾದ ಪ್ರಶ್ನೆ ಇದು. ಪ್ರಶ್ನೆ ಚಿಕ್ಕದೆಂದು ನಗುವವರು ನಗಬಹುದು. ಚಿಕ್ಕ ವಿಷಯಗಳಲ್ಲಿ ಎಚ್ಚರ ತಪ್ಪದಿರುವುದೇ ಜೈನಾಚಾರದ ಹೆಗ್ಗಳಿಕೆಯೆಂದು ಹೇಳಿಕೊಳ್ಳುವವರಾದರೂ ನಗಬಾರದು.

ಹಳ್ಳಿಯ ನಾಯಿ, ಬಡಾವಣೆಯ ನಾಯಿ

ಮದ್ದೂರಿನ ಸಮೀಪದಲ್ಲಿ ಶಿಂಷಾ ನದಿಯ ದಂಡೆಯಲ್ಲಿರುವ ವೈದ್ಯನಾಥಪುರದಂಥ ಊರುಗಳಲ್ಲಿ ಈ ಪ್ರಶ್ನೆ ಹಿಂದೆ ಏಳುವ ಸಂಭವವೇ ಇರಲಿಲ್ಲ. ಹಳ್ಳಿಯ ನಾಯಿ ಕಣ ಕಾಯುತ್ತಿತ್ತು, ಕುರಿಹಟ್ಟಿ ಕಾಯುತ್ತಿತ್ತು, ಜಗಲಿಯ ಮಗ್ಗುಲಲ್ಲಿ ಮಲಗುತ್ತಿತ್ತು. ಅದರ ಕೊರಳಿಗೆ ಹಗ್ಗವಿರಲಿಲ್ಲ. ಅದನ್ನು ಗೊತ್ತಾದ ವೇಳೆಗೆ ಗೊತ್ತಾದ ಬೀದಿಯಲ್ಲಿ ಯಾರೂ ನಡೆಸಿಕೊಂಡು ಹೋಗುತ್ತಿರಲಿಲ್ಲ. ಹೊಲದ ಅಂಚಿಗೋ ಪೊದೆಯ ಮರೆಗೋ ತಾನಾಗಿ ಹೋಗಿ ಬರುತ್ತಿತ್ತು. ಊರು ಚಿಕ್ಕದು, ಬಯಲು ದೊಡ್ಡದು.

ಈಗ ಆ ಲೆಕ್ಕ ತಲೆಕೆಳಗಾಗಿದೆ. ಬೆಂಗಳೂರು–ಮೈಸೂರು ದಶಪಥ ಹೆದ್ದಾರಿಯ ಉದ್ಘಾಟನೆ 2023ರ ಮಾರ್ಚ್ 12ರಂದು ನಡೆದದ್ದು ಮದ್ದೂರು ತಾಲ್ಲೂಕಿನ ಗೆಜ್ಜಲಗೆರೆಯಲ್ಲಿಯೇ. ರಾಜಧಾನಿ ಹತ್ತಿರವಾದಂತೆ ರಾಜಧಾನಿಯ ರೂಢಿಗಳೂ ಹತ್ತಿರವಾಗುತ್ತವೆ. ಗದ್ದೆಗಳು ನಿವೇಶನಗಳಾಗುತ್ತವೆ, ನಿವೇಶನಗಳಲ್ಲಿ ಮನೆಗಳೇಳುತ್ತವೆ, ಮನೆಯ ಕಬ್ಬಿಣದ ಗೇಟಿನೊಳಗೆ ಪಮೇರಿಯನ್, ಲ್ಯಾಬ್ರಡಾರ್, ಜರ್ಮನ್ ಷೆಫರ್ಡ್ ನಾಯಿಗಳು ಬರುತ್ತವೆ. ಹಗಲಿರುಳು ಕಟ್ಟಿನಲ್ಲಿರುವ ಆ ಪ್ರಾಣಿಗೆ ದಿನಕ್ಕೆರಡು ಬಾರಿ ಹೊರಗೆ ಹೋಗುವುದು ಅನಿವಾರ್ಯ. ಎಲ್ಲಿಗೆ, ಯಾವಾಗ ಎಂಬುದನ್ನು ನಿರ್ಧರಿಸುವವನು ಮಾತ್ರ ಹಗ್ಗ ಹಿಡಿದವನು.

ಅವನು ನಿರ್ಧರಿಸುವ ಬಗೆಯನ್ನು ಯಾವ ಬಡಾವಣೆಯಲ್ಲಿ ಬೇಕಾದರೂ ನೋಡಬಹುದು. ತನ್ನ ಗೇಟಿನ ಮುಂದೆ ನಾಯಿ ನೆಲವನ್ನು ಮೂಸತೊಡಗಿದರೆ ಅವನು ಹಗ್ಗವನ್ನು ಜಗ್ಗಿ ಮುಂದೆ ನಡೆಸುತ್ತಾನೆ. ನಾಲ್ಕು ಮನೆ ದಾಟಿದ ಮೇಲೆ ಹಗ್ಗ ಸಡಿಲವಾಗುತ್ತದೆ. ಅಲ್ಲಿ ಯಾರೋ ಗೃಹಿಣಿ ಗುಡಿಸಿ, ನೀರು ಚಿಮುಕಿಸಿ, ರಂಗೋಲಿ ಇಟ್ಟು ಆಗತಾನೆ ಒಳಗೆ ಹೋಗಿರುತ್ತಾಳೆ. ಅಥವಾ ಅದು ಮಕ್ಕಳು ಸಂಜೆ ಆಡುವ ಖಾಲಿ ನಿವೇಶನವಾಗಿರುತ್ತದೆ. ಕಾರ್ಯ ಮುಗಿಯುವವರೆಗೆ ಅವನು ಆಕಾಶ ನೋಡುತ್ತಾನೆ, ಕೈಯಲ್ಲಿಯ ಮೊಬೈಲ್ ನೋಡುತ್ತಾನೆ. ಬಳಿಕ ಏನೂ ಆಗಿಲ್ಲವೆಂಬಂತೆ ಮುಂದುವರಿಯುತ್ತಾನೆ. ಇದನ್ನು ಮರೆವು ಎಂದು ಕರೆಯಲಾಗದು. ತನ್ನ ಬಾಗಿಲನ್ನು ತಪ್ಪಿಸಿ ಪರರ ಬಾಗಿಲನ್ನು ಆರಿಸಿಕೊಂಡವನಿಗೆ ಆ ವಸ್ತು ಅಶುಚಿಯೆಂಬುದು ಚೆನ್ನಾಗಿ ತಿಳಿದಿದೆ. ತಿಳಿದೇ ಮಾಡಿದ್ದಕ್ಕೆ ಸಂಕಲ್ಪವೆಂದು ಹೆಸರು.

ಮೂಕ ಪ್ರಾಣಿಯ ನೆಪ

ಆಕ್ಷೇಪಿಸಿದವರಿಗೆ ಸಿದ್ಧವಾಗಿರುವ ಉತ್ತರಗಳಲ್ಲಿ ಮೊದಲನೆಯದು ಅಹಿಂಸೆಯ ವೇಷ ತೊಟ್ಟು ಬರುತ್ತದೆ: “ಪಾಪ, ಮೂಕ ಪ್ರಾಣಿ, ಅದಕ್ಕೇನು ಗೊತ್ತು? ಜೀವದಯೆ ಬೇಡವೇ?” ನಾಯಿಗೆ ಗೊತ್ತಿಲ್ಲವೆಂಬುದು ದಿಟ. ಆದರೆ ಪ್ರಶ್ನೆ ಕೇಳಿದ್ದು ನಾಯಿಯನ್ನಲ್ಲ. ಕೃತ, ಕಾರಿತ, ಅನುಮೋದಿತ ಎಂದು ಮೂರು ಬಗೆಯಲ್ಲಿ ದೋಷವು ಜೀವಕ್ಕೆ ಅಂಟುತ್ತದೆ ಎಂಬುದು ಪಾಠಶಾಲೆಯ ಮಕ್ಕಳಿಗೂ ಹೇಳಿಕೊಡುವ ಪಾಠ. ನಾಯಿ ಮಾಡಿತು, ಹಗ್ಗ ಸಡಿಲಿಸಿದವನು ಮಾಡಿಸಿದನು, ಸುಮ್ಮನೆ ನಿಂತು ನೋಡಿ ಮುಂದೆ ನಡೆದಾಗ ಅನುಮೋದಿಸಿದನು. ವಿವೇಕವಿಲ್ಲದ ಪ್ರಾಣಿಯ ಪಾಲಿಗೆ ಬಂದದ್ದು ಒಂದಾದರೆ ವಿವೇಕವುಳ್ಳವನ ಪಾಲಿಗೆ ಎರಡು ಬಂದವು. ಮೂಕ ಪ್ರಾಣಿಯ ಹಿಂದೆ ಅವಿತುಕೊಳ್ಳುವ ಮಾತು ಬಲ್ಲ ಮನುಷ್ಯನನ್ನು ಯಾವ ಆಚಾರಗ್ರಂಥವೂ ಕಾಪಾಡುವುದಿಲ್ಲ.

ಶ್ರಾವಕನ ಗುಣವ್ರತಗಳಲ್ಲಿ ಅನರ್ಥದಂಡ ವಿರತಿಯೂ ಒಂದು. ಯಾವ ಪ್ರಯೋಜನವೂ ಇಲ್ಲದೆ, ಕೇವಲ ಅಜಾಗರೂಕತೆಯಿಂದ ಪರಜೀವಿಗಳಿಗೆ ಕೇಡುಂಟುಮಾಡುವ ನಡೆಗೆ ಅಲ್ಲಿ ಪ್ರಮಾದಚರ್ಯೆಯೆಂದು ಹೆಸರು. ಎರಡು ನಿಮಿಷದ ಕೆಲಸಕ್ಕೆ ಬೇಸರಪಟ್ಟು ಬೀದಿಯಲ್ಲಿ ಬಿಟ್ಟುಹೋದ ಮಲ ಪ್ರಮಾದಚರ್ಯೆಗೆ ಒಂದು ಅಚ್ಚುಕಟ್ಟಾದ ಉದಾಹರಣೆ. ಅದರಿಂದ ಬಿಟ್ಟವನಿಗೆ ದೊರೆಯುವ ಲಾಭ ಎರಡು ನಿಮಿಷ; ಪರರಿಗೆ ಆಗುವ ಕೇಡಿಗೆ ಲೆಕ್ಕವಿಲ್ಲ.

ಎರಡನೆಯ ಉತ್ತರ ಹಸುವನ್ನು ಮುಂದಿಟ್ಟುಕೊಂಡು ಬರುತ್ತದೆ. ಬೀದಿಯಲ್ಲಿ ದನ ಸಗಣಿ ಹಾಕುವುದಿಲ್ಲವೇ, ಅದಕ್ಕಿಲ್ಲದ ಆಕ್ಷೇಪಣೆ ಇದಕ್ಕೇಕೆ ಎಂಬ ವಾದ. ಮಂಡ್ಯ ಸೀಮೆಯ ರೈತನ ಮುಂದೆ ಈ ವಾದ ಹೂಡಿದರೆ ಅವನು ನಗುತ್ತಾನೆ. ಬಿದ್ದ ಸಗಣಿಯನ್ನು ಎತ್ತಿ ತಿಪ್ಪೆಗೆ ಹಾಕುವವರು, ಬೆರಣಿ ತಟ್ಟುವವರು, ಅಂಗಳ ಸಾರಿಸುವವರು ಅಲ್ಲಿ ಇದ್ದಾರೆ. ಹುಲ್ಲು ತಿನ್ನುವ ಪ್ರಾಣಿಯ ಸಗಣಿ ಬೇರೆ. ಮಾಂಸಾಹಾರಿ ಪ್ರಾಣಿಯ ಮಲ ಬೇರೆ. ನಾಯಿಯ ಕರುಳಿನಲ್ಲಿ ಮನುಷ್ಯನಿಗೂ ತಗಲಬಲ್ಲ ದುಂಡುಹುಳು, ಕೊಕ್ಕೆಹುಳುಗಳು ವಾಸಿಸುತ್ತವೆ. ದುಂಡುಹುಳುವಿನ ಮೊಟ್ಟೆಗಳು ಮಲದೊಂದಿಗೆ ಹೊರಬಿದ್ದ ದಿನ ರೋಗ ತರುವುದಿಲ್ಲ. ಮಣ್ಣಿನಲ್ಲಿ ಎರಡು ಮೂರು ವಾರ ಬಲಿತ ಮೇಲೆ ತರುತ್ತವೆ, ಮತ್ತು ಅಲ್ಲಿಯೇ ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ ಜೀವಂತವಾಗಿರುತ್ತವೆ. ಮಣ್ಣಿನಲ್ಲಿ ಆಡಿ ಕೈಯನ್ನು ಬಾಯಿಗಿಟ್ಟುಕೊಳ್ಳುವ ಮಗುವಿನ ಹೊಟ್ಟೆಗೆ ಅವು ಸೇರಿದರೆ ಮರಿಹುಳುಗಳು ಯಕೃತ್ತಿಗೂ ಶ್ವಾಸಕೋಶಕ್ಕೂ ಹೋಗಬಹುದು. ಕಣ್ಣನ್ನು ಮುಟ್ಟಿದರೆ ದೃಷ್ಟಿಯೇ ಹೋಗಬಹುದು. ಮಲವನ್ನು ಅಂದೇ ಎತ್ತಿದವನು ರೋಗವನ್ನು ಬಲಿಯುವ ಮೊದಲೇ ತಡೆಯುತ್ತಾನೆ. ಎತ್ತದವನು ಅದಕ್ಕೆ ಬೇಕಾದ ಅವಧಿಯನ್ನು ದಾನ ಮಾಡುತ್ತಾನೆ.

ಮೂರನೆಯ ಉತ್ತರ ಇನ್ನೂ ಜಾಣತನದ್ದು: ಬೀದಿಯಲ್ಲಿ ತಾನೇ ಬೇಡ? ಊರಾಚೆ ಗದ್ದೆಯ ಬದುವಿನ ಕಡೆಗೆ ಕರೆದುಕೊಂಡು ಹೋದರಾಯಿತು, ಮಣ್ಣಿಗೆ ಗೊಬ್ಬರವಾಗುತ್ತದೆ. ಆ ಗದ್ದೆ ಯಾರದು? ಅಲ್ಲಿ ಬರಿಗಾಲಿನಲ್ಲಿ ನಿಂತು ನಾಟಿ ಹಾಕುವವರು ಯಾರು? ಕೊಕ್ಕೆಹುಳುವಿನ ಮೊಟ್ಟೆಗಳು ಬೆಚ್ಚನೆಯ ತೇವದ ಮಣ್ಣಿನಲ್ಲಿ ಒಂದೆರಡು ದಿನಗಳಲ್ಲಿ ಒಡೆದು ವಾರದೊಳಗಾಗಿ ಚರ್ಮವನ್ನು ಕೊರೆಯಬಲ್ಲ ಮರಿಗಳಾಗುತ್ತವೆ. ಬರಿಗಾಲಿನ ಚರ್ಮದೊಳಗೆ ಹೊಕ್ಕ ನಾಯಿಯ ಕೊಕ್ಕೆಹುಳು ಕೆಂಪು ಗೆರೆ ಎಳೆದಂತೆ ತೆವಳುತ್ತ ತಡೆಯಲಾಗದ ನವೆಯನ್ನುಂಟುಮಾಡುತ್ತದೆ. ವೈದ್ಯರ ನಾಥನ ಹೆಸರನ್ನೇ ಹೊತ್ತ ಊರಿನ ಸೀಮೆಯಲ್ಲಾಗಲಿ ಬೇರೆಲ್ಲಿಯಾಗಲಿ, ದುಡಿಯುವವರ ಪಾದಗಳಿಗೆ ರೋಗವನ್ನು ಬಿತ್ತಿ ಅದಕ್ಕೆ ಗೊಬ್ಬರವೆಂದು ಹೆಸರಿಡುವುದು ಧಾರ್ಷ್ಟ್ಯ. ಮೂಲಾಚಾರ ಹೇಳುವ ‘ವಿರೋಧವಿಲ್ಲದ ಸ್ಥಳ’ವೆಂದರೆ ವಿರೋಧಿಸುವ ಶಕ್ತಿಯಿಲ್ಲದವರ ಸ್ಥಳವೆಂದು ಅರ್ಥವಲ್ಲ.

ಬೀದಿನಾಯಿಗಳೂ ಗಲೀಜು ಮಾಡುತ್ತವಲ್ಲ ಎಂಬುದು ನಾಲ್ಕನೆಯ ಉತ್ತರ. ಮಾಡುತ್ತವೆ. ಅವುಗಳ ಕೊರಳಿನ ಹಗ್ಗ ಯಾರ ಕೈಯಲ್ಲೂ ಇಲ್ಲ. ಅನಾಥನ ಅಸಹಾಯಕತೆಯನ್ನು ಸನಾಥನು ತನ್ನ ಹಕ್ಕೆಂದು ಕೇಳಲಾಗದು.

ಯಾರ ಪಾದ, ಯಾರ ಕೈ

ಪಾದರಕ್ಷೆ ತೊಟ್ಟವನಿಗೆ ಈ ಅಶುಚಿ ಒಂದು ಕಿರಿಕಿರಿ ಮಾತ್ರ. ಕಲ್ಲಿಗೆ ಉಜ್ಜಿ ಮುಂದೆ ನಡೆಯುತ್ತಾನೆ. ಬರಿಗಾಲಿನಲ್ಲಿ ನಡೆಯುವವರ ಮಾತು ಬೇರೆ. ಮುಂಜಾನೆ ಸ್ನಾನ ಮಾಡಿ ಅಭಿಷೇಕಕ್ಕೆಂದು ಬಸದಿಗೆ ಬರಿಗಾಲಿನಲ್ಲಿ ಹೋಗುವವರು ಇದ್ದಾರೆ. ಮದ್ದೂರು ತಾಲ್ಲೂಕಿನ ಅರೆತಿಪ್ಪೂರಿನ ಪ್ರಾಚೀನ ಜೈನ ನೆಲೆಗೂ ನಾಗಮಂಗಲ ತಾಲ್ಲೂಕಿನ ಕಂಬದಹಳ್ಳಿಯ ಪಂಚಕೂಟ ಬಸದಿಗೂ ಹೋಗುವ ಯಾತ್ರಿಕರು ಇದ್ದಾರೆ. ಎಲ್ಲಕ್ಕಿಂತ ಮಿಗಿಲಾಗಿ ವಿಹಾರದಲ್ಲಿರುವ ಮುನಿಗಳು, ಆರ್ಯಿಕೆಯರು ಇದ್ದಾರೆ. ಇರುವೆ ಸಾಯದಂತೆ ನೆಲ ನೋಡಿ ಹೆಜ್ಜೆಯಿಡುವ ಆ ಪಾದಗಳ ಎದುರಿಗೆ ಶ್ರಾವಕನೊಬ್ಬನ ನಾಯಿಯ ಮಲ ಬಿದ್ದಿದ್ದರೆ, ಅದೇ ಶ್ರಾವಕ ಅದೇ ಪಾದಗಳನ್ನು ತೊಳೆದು ಗಂಧೋದಕವನ್ನು ತಲೆಗೆ ತಳಿದುಕೊಳ್ಳುವುದಕ್ಕೆ ಅರ್ಥವೇನು?

ಕೊನೆಗೆ ಆ ಮಲವನ್ನು ಯಾರೋ ಎತ್ತಲೇಬೇಕು. ಆ ಕೈ ಯಾರದೆಂಬುದನ್ನು ಹೇಳದೆ ಈ ವಿಷಯ ಮುಗಿಯದು. ಮಧ್ಯಮ ಗಾತ್ರದ ನಾಯಿ ದಿನಕ್ಕೆ 300 ಗ್ರಾಂ ಮಲ ಹಾಕುತ್ತದೆಂದು ಇಟ್ಟುಕೊಂಡರೂ ವರ್ಷಕ್ಕೆ ಒಂದು ಕ್ವಿಂಟಲನ್ನು ಮೀರುತ್ತದೆ. ಆ ಒಂದು ಕ್ವಿಂಟಲ್ ಬೀಳುವುದು ಪೌರಕಾರ್ಮಿಕರ ಪೊರಕೆಯ ದಾರಿಯಲ್ಲಿ. ಬಿ. ಬಸವಲಿಂಗಪ್ಪನವರು ಪೌರಾಡಳಿತ ಸಚಿವರಾಗಿದ್ದಾಗ, 1970ರ ದಶಕದಲ್ಲಿ, ತಲೆಯ ಮೇಲೆ ಮಲ ಹೊರುವ ಪದ್ಧತಿಯನ್ನು ಕರ್ನಾಟಕ ನಿಷೇಧಿಸಿತು. ಇಡೀ ದೇಶಕ್ಕೆ ಅನ್ವಯಿಸುವ ಕಟ್ಟುನಿಟ್ಟಿನ ಕಾಯಿದೆ 2013ರಲ್ಲಿ ಬಂದಿತು. ಆ ಕಾಯಿದೆ ಹೇಳುವುದು ಮನುಷ್ಯರ ಮಲವನ್ನು ಕುರಿತು; ನಾಯಿಯ ಮಲ ಅದರ ವ್ಯಾಪ್ತಿಯಲ್ಲಿಲ್ಲ. ಕಾನೂನು ಬಿಟ್ಟ ಆ ಸಂದಿನಲ್ಲಿ ಹಳೆಯ ಪದ್ಧತಿ ಹೊಸ ರೂಪದಲ್ಲಿ ನುಸುಳುತ್ತಿದೆ. ತಾನು ಮುದ್ದಿನಿಂದ ಸಾಕಿದ, ತೊಡೆಯ ಮೇಲೆ ಕೂರಿಸಿಕೊಳ್ಳುವ ನಾಯಿಯ ಮಲವನ್ನು ಮುಟ್ಟುವುದು ಕುಲಗೌರವಕ್ಕೆ ಕುಂದೆಂದು ಭಾವಿಸುವವನು, ಹೆಸರು ಸಹ ಗೊತ್ತಿಲ್ಲದ ಹೆಂಗಸೊಬ್ಬಳು ಅದನ್ನು ಎತ್ತುವುದರಲ್ಲಿ ತಪ್ಪು ಕಾಣುವುದಿಲ್ಲ. ಜೀವಗಳೆಲ್ಲ ಸಮಾನವೆಂದು ಸಾರುವ ಧರ್ಮದ ಅನುಯಾಯಿಯ ಬಾಳಿನಲ್ಲಿ ಇದಕ್ಕಿಂತ ದೊಡ್ಡ ವಿರೋಧಾಭಾಸ ಬೇಕಿಲ್ಲ.

ಎತ್ತಿಗೆ ಜ್ವರ, ಎಮ್ಮೆಗೆ ಬರೆ

ಈ ಅಲಕ್ಷ್ಯದ ಅತ್ಯಂತ ಕ್ರೂರವಾದ ಫಲವನ್ನು ಉಣ್ಣುವುದು ನಾಯಿಯೇ. ಬೆಂಗಳೂರಿನ ಕಬ್ಬನ್ ಉದ್ಯಾನದಲ್ಲಿ ನಡೆದ ಪ್ರಸಂಗ ಎಲ್ಲರೂ ನೆನಪಿಡಬೇಕಾದದ್ದು. ನಾಯಿಗಳನ್ನು ಹಗ್ಗವಿಲ್ಲದೆ ಬಿಡುತ್ತಾರೆ, ಅವುಗಳ ಮಲವನ್ನು ಎತ್ತುವುದಿಲ್ಲ ಎಂಬ ದೂರುಗಳು ಬಂದ ಮೇಲೆ ತೋಟಗಾರಿಕೆ ಇಲಾಖೆಯು 2022ರ ಜುಲೈ 1ರಿಂದ ಸಾಕುನಾಯಿಗಳಿಗೆ ಉದ್ಯಾನದಲ್ಲಿ ಪ್ರವೇಶವಿಲ್ಲವೆಂದು ಪ್ರಕಟಿಸಿತು. ಪ್ರಾಣಿಪ್ರಿಯರು ಪ್ರತಿಭಟಿಸಿದರು, ನಿಷೇಧವನ್ನು ತಡೆಹಿಡಿಯಲಾಯಿತು. ಪ್ರತಿಭಟನೆ ನ್ಯಾಯವಾದದ್ದೇ. ಆದರೆ ತಪ್ಪು ಮಾಡಿದ್ದು ಮಾಲೀಕರು, ಬಾಗಿಲು ಮುಚ್ಚಲು ಹೊರಟದ್ದು ನಾಯಿಗಳಿಗೆ ಎಂಬುದನ್ನು ಆ ಗದ್ದಲದಲ್ಲಿ ಎಷ್ಟು ಜನ ಯೋಚಿಸಿದರು? ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಕಥೆ ಇದು.

ಜನರ ಸಹನೆ ತೀರಿದಾಗ ಅವರು ಮಾಲೀಕನಿಗೆ ಕಲ್ಲು ಹೊಡೆಯುವುದಿಲ್ಲ, ನಾಯಿಗೆ ಹೊಡೆಯುತ್ತಾರೆ. ನಿವಾಸಿಗಳ ಸಂಘದ ಸಭೆಗಳಲ್ಲಿ ‘ನಾಯಿ ಸಾಕುವಂತಿಲ್ಲ’ ಎಂಬ ಠರಾವು ಬರುತ್ತದೆ. ಅಂಥ ನಿಷೇಧಕ್ಕೆ ಅಧಿಕಾರವಿಲ್ಲವೆಂದು ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿ 2015ರ ತನ್ನ ಮಾರ್ಗಸೂಚಿಯಲ್ಲಿ ಸ್ಪಷ್ಟವಾಗಿ ಹೇಳಿದೆ. ಅದೇ ಮಾರ್ಗಸೂಚಿ ಸಾರ್ವಜನಿಕ ಸ್ಥಳದಲ್ಲಿ ಬಿದ್ದ ಮಲವನ್ನು ಮಾಲೀಕರೇ ಎತ್ತಬೇಕೆಂಬ ಸಲಹೆಯನ್ನೂ ನೀಡಿದೆ. ಮೊದಲನೆಯ ಮಾತನ್ನು ಕಂಠಪಾಠ ಮಾಡಿ ಎರಡನೆಯದನ್ನು ಮರೆಯುವುದು ಹಗ್ಗ ಹಿಡಿದವರ ಸಾಮಾನ್ಯ ರೋಗ.

ಮನೆಯೊಳಗೂ ಈ ಹಿಂಸೆ ಇದೆ. ಅಹಿಂಸಾಣುವ್ರತದ ಅತಿಚಾರಗಳು ಬಂಧ, ವಧ, ಛೇದ, ಅತಿಭಾರಾರೋಪಣ, ಅನ್ನಪಾನನಿರೋಧ ಎಂದು ಐದು. ಬಿಗಿಯಾಗಿ ಕಟ್ಟುವುದು, ಹೊಡೆಯುವುದು, ಅಂಗವನ್ನು ಕತ್ತರಿಸುವುದು, ಹೊರಲಾರದ ಭಾರ ಹೊರಿಸುವುದು, ಅನ್ನನೀರು ತಡೆಯುವುದು. ಬೀದಿಯವರ ಆಕ್ಷೇಪಣೆಗೆ ಹೆದರಿ ನಾಯಿಯನ್ನು ದಿನವಿಡೀ ಕಟ್ಟಿಹಾಕುವವರು, ಮನೆಯಲ್ಲಿ ಗಲೀಜು ಮಾಡೀತೆಂದು ನೀರಿನ ಬಟ್ಟಲನ್ನು ಎತ್ತಿಡುವವರು, ಮಾಡಿದಾಗ ಬಡಿಯುವವರು ಇದ್ದಾರೆ. ಐದರಲ್ಲಿ ಮೂರು ಅತಿಚಾರಗಳು ಹೀಗೆ ಒಂದೇ ಮನೆಯಲ್ಲಿ ಕೂಡುತ್ತವೆ. ಮಲವಿಸರ್ಜನೆ ಪ್ರಾಣಿಯ ದೇಹಧರ್ಮ. ಅದನ್ನು ತಡೆಯುವುದು ಹಿಂಸೆ. ವಿಸರ್ಜಿಸಿದ್ದನ್ನು ಎತ್ತುವುದು ಸಾಕಿದವನ ಧರ್ಮ. ಅದನ್ನು ಮಾಡದಿರುವುದೂ ಹಿಂಸೆ. ಈ ಎರಡರ ನಡುವೆ ಇರುವುದು ಕೇವಲ ಎರಡು ನಿಮಿಷದ ದುಡಿಮೆ.

ಪರದೇಶಗಳ ಅನುಭವವೂ ಇದನ್ನೇ ಹೇಳುತ್ತದೆ. ನ್ಯೂಯಾರ್ಕ್ ನಗರದಲ್ಲಿ 1978ರ ಆಗಸ್ಟ್‌ನಿಂದ ನಾಯಿಯ ಮಲವನ್ನು ಮಾಲೀಕನೇ ಎತ್ತಬೇಕೆಂಬ ಕಾನೂನು ಜಾರಿಗೆ ಬಂದಿತು. ಯಾರೂ ಪಾಲಿಸಲಾರರು ಎಂದವರ ಭವಿಷ್ಯ ಸುಳ್ಳಾಯಿತು. ಪ್ಯಾರಿಸ್ ನಗರ ಬೇರೆ ದಾರಿ ಹಿಡಿಯಿತು: 1980ರ ದಶಕದಲ್ಲಿ ಮಲವನ್ನು ಹೀರುವ ಮೋಟಾರ್ ಸೈಕಲ್‌ಗಳನ್ನು ನಗರಾಡಳಿತವೇ ಓಡಿಸಿತು. ಅಪಾರ ವೆಚ್ಚವಾದರೂ ಬೀದಿಗಳು ಶುಚಿಯಾಗಲಿಲ್ಲ. ಕೊನೆಗೆ ಆ ವಾಹನಗಳನ್ನು ಕೈಬಿಟ್ಟು ಮಾಲೀಕರಿಗೆ ದಂಡ ವಿಧಿಸುವ ದಾರಿಗೇ ಬರಬೇಕಾಯಿತು. ಒಬ್ಬನ ಹೊಣೆಯನ್ನು ಊರೆಲ್ಲ ಹೊತ್ತರೆ ಆ ಒಬ್ಬನು ಹೊಣೆಯನ್ನು ಕಲಿಯುವುದಿಲ್ಲ.

ಮಾಡಬೇಕಾದದ್ದು

ಎತ್ತಿದರೆ ಸೂಕ್ಷ್ಮಜೀವಿಗಳ ಹಿಂಸೆಯಾಗುವುದಿಲ್ಲವೇ ಎಂದು ಕೇಳುವ ಧರ್ಮಭೀರುಗಳೂ ಉಂಟು. ಟಾರು ರಸ್ತೆಯ ಮೇಲೆ ಬಿಟ್ಟ ಮಲಕ್ಕೆ ನೊಣ, ಹುಳು, ಇರುವೆಗಳು ಮುತ್ತುತ್ತವೆ. ಅರ್ಧ ಗಂಟೆಯಲ್ಲಿ ಅವೆಲ್ಲ ಚಕ್ರಗಳ ಅಡಿಯಲ್ಲಿ ಅರೆಯುತ್ತವೆ. ಜೀವೋತ್ಪತ್ತಿಗೆ ಮುನ್ನ, ಹಸಿಯಾಗಿರುವಾಗಲೇ ಎತ್ತಿ ಒಣನೆಲದಲ್ಲಿ ಹೂಳುವುದೇ ಕಡಿಮೆ ಹಿಂಸೆಯ ದಾರಿ. ಉತ್ಸರ್ಗ ಸಮಿತಿಯ ಆಶಯವೂ ಅದೇ.

ವಿಧಾನ ಕಷ್ಟದ್ದಲ್ಲ. ಹೊರಡುವಾಗ ಹಳೆಯ ವೃತ್ತಪತ್ರಿಕೆಯ ಎರಡು ಹಾಳೆ, ಒಂದು ಚಿಕ್ಕ ಮೊರ ಅಥವಾ ತಗಡಿನ ತುಂಡು ಕೈಯಲ್ಲಿದ್ದರೆ ಸಾಕು. ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಚರಂಡಿಗೆಸೆಯುವುದು ಒಂದು ಪಾಪದ ಮೇಲೆ ಇನ್ನೊಂದು. ಕರ್ನಾಟಕದಲ್ಲಿ ಪ್ಲಾಸ್ಟಿಕ್ ಕೈಚೀಲಗಳು 2016ರಲ್ಲಿಯೇ ನಿಷೇಧಗೊಂಡಿವೆ. ಎತ್ತಿದ್ದನ್ನು ಮನೆಯ ಶೌಚಾಲಯಕ್ಕೆ ಹಾಕಿ ನೀರು ಸುರಿಯಬಹುದು, ಕಾಗದ ಮಾತ್ರ ಅದರೊಳಗೆ ಹೋಗಬಾರದು. ಅಥವಾ ಹಿತ್ತಲಿನ ಮೂಲೆಯಲ್ಲಿ, ಬಾವಿಗೂ ಕಾಯಿಪಲ್ಲೆಯ ಪಾತಿಗೂ ದೂರವಾಗಿ, ಒಂದು ಗುಂಡಿ ತೋಡಿ ಮಣ್ಣು ಮುಚ್ಚಬಹುದು. ಪಶುವೈದ್ಯರ ಸಲಹೆಯಂತೆ ಕಾಲಕಾಲಕ್ಕೆ ಜಂತುಹುಳುವಿನ ಔಷಧ ಕೊಡಿಸುವುದೂ ಸಾಕಿದವನ ಹೊಣೆಯೇ. ಮಾಂಸಾಹಾರಿ ಪ್ರಾಣಿಯನ್ನು ಶ್ರಾವಕನ ಮನೆಯಲ್ಲಿ ಸಾಕುವುದು ಉಚಿತವೇ ಎಂಬ ಚರ್ಚೆ ಹಿರಿಯರಲ್ಲಿ ಹಿಂದಿನಿಂದಲೂ ಇದೆ. ಅದು ಏನೇ ಇರಲಿ, ಸಾಕಿದ ಮೇಲೆ ಹೊಣೆಯಿಂದ ಪಾರಾಗುವ ದಾರಿ ಯಾವ ಪಕ್ಷದವರಿಗೂ ಇಲ್ಲ.

ಕ್ಷತ್ರಚೂಡಾಮಣಿಯಲ್ಲಿಯೂ ಕನ್ನಡದಲ್ಲಿ ಭಾಸ್ಕರ ಕವಿಯ ಜೀವಂಧರ ಚರಿತೆಯಲ್ಲಿಯೂ ಬರುವ ಪ್ರಸಂಗವೊಂದು ಜೈನ ಮನೆಗಳಿಗೆ ಚಿರಪರಿಚಿತ. ಯಜ್ಞದ ಹವಿಸ್ಸನ್ನು ಮುಟ್ಟಿತೆಂದು ನಾಯಿಯೊಂದನ್ನು ಬಡಿದು ಕೆಡವಿದರು. ಅಶುಚಿ ಮಾಡಿತೆಂಬುದೇ ಅದರ ಅಪರಾಧ. ಅದನ್ನು ಬದುಕಿಸಲಾರದ ಜೀವಂಧರ ಕುಮಾರನು ಅದರ ಕಿವಿಯಲ್ಲಿ ಪಂಚನಮಸ್ಕಾರ ಮಂತ್ರವನ್ನು ಉಸುರಿದನು. ಆ ಜೀವವು ಸುದರ್ಶನನೆಂಬ ಯಕ್ಷನಾಗಿ ಹುಟ್ಟಿತು. ಧರ್ಮದಿಂದ ನಾಯಿಯೂ ದೇವನಾಗುತ್ತದೆ, ಅಧರ್ಮದಿಂದ ದೇವನೂ ನಾಯಿಯಾಗುತ್ತಾನೆ ಎಂಬ ತತ್ತ್ವವನ್ನು ಸಮಂತಭದ್ರಾಚಾರ್ಯರು ರತ್ನಕರಂಡಕದಲ್ಲಿ ಶ್ರಾವಕರಿಗಾಗಿಯೇ ಹೇಳಿದ್ದಾರೆ.

ನಾಯಿಯ ಜೀವಕ್ಕೆ ಇಷ್ಟು ಎತ್ತರದ ಸ್ಥಾನವನ್ನು ಕೊಟ್ಟ ಪರಂಪರೆಯಲ್ಲಿ ಹುಟ್ಟಿದವರು, ಅದೇ ನಾಯಿ ಬೀದಿಯವರ ಕಣ್ಣಿಗೆ ಅಸಹ್ಯದ ಪ್ರಾಣಿಯಾಗುವಂತೆ, ಕಲ್ಲೇಟಿಗೆ ಗುರಿಯಾಗುವಂತೆ ಮಾಡುತ್ತಿರುವುದು ಸರಿಯೇ? ನಾಯಿಯ ಕಿವಿಯಲ್ಲಿ ಮಂತ್ರ ಹೇಳುವ ಯೋಗ್ಯತೆ ಎಲ್ಲರಿಗೂ ಇರಲಾರದು. ಅದರ ಹಿಂದೆ ಬಗ್ಗಿ ನೆಲವನ್ನು ಶುಚಿ ಮಾಡುವ ಯೋಗ್ಯತೆ ಎಲ್ಲರಿಗೂ ಇದೆ. ನಾಳೆ ಬೆಳಿಗ್ಗೆ ಹಗ್ಗ ಹಿಡಿದು ಹೊರಡುವ ಕೈ ಜೊತೆಗೆ ಎರಡು ಹಾಳೆ ಕಾಗದವನ್ನೂ ಹಿಡಿಯಲಿ. ಅದು ಸಾಧ್ಯವಿಲ್ಲವೆಂದು ತೋರಿದವರು ಹಗ್ಗವನ್ನೂ ಹಿಡಿಯದಿರಲಿ.